ಒಂಬತ್ತು ದಿನದ ದೇವಿ

ನಮ್ಮೂರಿನಲ್ಲಿ ನನ್ನ ನಡಿಗೆ ನೋಡಿ ಯಾರೂ ನನ್ನನ್ನು ಗುರುತು ಹಿಡಿಯುತ್ತಿರಲಿಲ್ಲ. ನಾನು ನನ್ನ ಹಾಗೆ ನಡೆದರೆ ತಾನೆ? ಸಂಶಿಯ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಒಮ್ಮೆ ಪೋಸ್ಟ್‌ಮಾಸ್ತರರಾಗಿ, ಒಮ್ಮೆ ಗೌಡರಾಗಿ, ಕೊನೆಗೆ ಹೊಸ ಚಪ್ಪಲಿ ಕಚ್ಚಿದ ನಮ್ಮ ಗಣಿತದ ಮಾಸ್ತರರಾಗಿ ಬರುತ್ತಿದ್ದೆ. ಹಾಗಾಗಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಮುಂಜಾನೆ ಎರಡೂ ಮೊಣಕಾಲು ಬಾತುಕೊಂಡು, ಗೋಡೆ ಹಿಡಿದು ಹೊರಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ಗೆಳೆಯ ಈರ್ಯಾ ಚಪ್ಪಾಳೆ ಹೊಡೆದ.

“ಅಗದಿ ಭಾರಿ ಐತಿ ಬಸ್ಯಾ! ಇದು ಯಾರದಲೇ?”

“ಇದು ನಂದಽ,” ಎಂದೆ.

“ಸುಳ್ಳ ಹೇಳಬ್ಯಾಡ. ಗಿರಣಿ ಮುದುಕಂದಲ್ಲ? ಇನ್ನೊಮ್ಮೆ ನಡಿ, ನೋಡೂಣು.”

ಇನ್ನೊಮ್ಮೆ ನಡೆದೆ. ಮೂರನೇ ಹೆಜ್ಜೆಗೆ ಬಿದ್ದೆ. ಅದಕ್ಕೂ ಚಪ್ಪಾಳೆ ಬಿತ್ತು. ನನ್ನ ರೋಗ ಶುರುವಾದದ್ದು ಹೀಗೆ.

ಅದರ ಹೆಸರು ಅಲರ್ಜಿಕ್ ಪರ್ಪ್ಯುರಾ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅದೇನು, ಹೇಗೆ ಬರುತ್ತದೆ ಎನ್ನುವುದನ್ನು ಓದಿಕೊಂಡವರು ಹೇಳಲಿ. ನಾನು ದವಾಖಾನೆಯ ಬೆಂಚಿನ ಮೇಲೆ ಆರು ವರ್ಷ ಕೂತವನು. ಬೆಂಚಿನಿಂದ ಕಂಡದ್ದನ್ನು ಹೇಳುತ್ತೇನೆ. ಈ ಹೊತ್ತು ಯಾವುದೋ ಊರಿನಲ್ಲಿ ಯಾರೋ ತಮ್ಮ ಕಾಲಿನ ಕೆಂಪು ಚುಕ್ಕೆಗಳನ್ನು ನೋಡುತ್ತ ಒಬ್ಬರೇ ಕೂತಿದ್ದರೆ, ಅವರಿಗೆ ಬಾಜುವಿನಲ್ಲಿ ನನ್ನಂಥ ಒಬ್ಬ ಕೋತಿ ಕೂತಿದ್ದಾನೆ ಎಂದಾದರೂ ಗೊತ್ತಾಗಲಿ.

ಮನೆಯಲ್ಲಿ ನಾವು ಮೂವರು: ಅವ್ವ, ಅಪ್ಪನ ತಮ್ಮ ಫಕೀರಪ್ಪ ಕಾಕಾ, ಮತ್ತು ನಾನು. ಕಾಕಾ ಮದುವೆಯಾಗಿರಲಿಲ್ಲ, ಎರಡೆತ್ತು, ಎರೆಹೊಲ, ಬಾಯಿತುಂಬ ತಂಬಾಕು, ಇವೇ ಅವನ ಸಂಸಾರ. ಅಪ್ಪ ನಾನು ಆರನೇ ಇಯತ್ತೆಯಲ್ಲಿದ್ದಾಗ ಹೊಟ್ಟೆನೋವೆಂದು ಹುಬ್ಬಳ್ಳಿಯ ದವಾಖಾನೆಗೆ ಹೋದ. ಹೋಗುವಾಗ ರೈಲಿನ ಕಿಟಕಿಯ ಪಕ್ಕ ಕೂತು ಹೋದ. ಬರುವಾಗ ಟ್ರಕ್ಕಿನ ಹಿಂದೆ ಮಲಗಿ ಬಂದ. ಅಂದಿನಿಂದ ಅವ್ವ ಹುಬ್ಬಳ್ಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಸೀರೆ ತರುವವರಿಗೂ “ಅಲ್ಲಿಂದ ತಂದಿರೇನು?” ಎಂದಷ್ಟೇ ಕೇಳುತ್ತಿದ್ದಳು.

ಮೊಣಕಾಲು ಬಾತ ದಿನ ಸಂಜೆ ಅವ್ವ ಎಣ್ಣೆ ತಿಕ್ಕಲೆಂದು ನನ್ನ ಪಾಯಿಜಾಮ ಮೇಲೆ ಸರಿಸಿದಳು. ಎರಡೂ ಮೀನಖಂಡಗಳ ತುಂಬ ಕೆಂಪು ಚುಕ್ಕೆ. ಯಾರೋ ಕಡ್ಡಿಯನ್ನು ಕುಂಕುಮದಲ್ಲಿ ಅದ್ದಿ ಬಿಡುವಿಲ್ಲದೆ ಇಟ್ಟ ಹಾಗಿತ್ತು, ಒಂದೊಂದೂ ನವಣೆ ಕಾಳಿನಷ್ಟು. ತುರಿಕೆ ಇಲ್ಲ, ಉರಿ ಇಲ್ಲ. ಹದಿನೈದು ದಿನದ ಹಿಂದೆ ಗಂಟಲು ಹುಣ್ಣಾಗಿ ಜ್ವರ ಬಂದು ಹೋಗಿತ್ತು. ಗುಡಗೇರಿಯ ಒಂದು ಮದುವೆಯಲ್ಲಿ ಇಡೀ ದಿನ ಇಪ್ಪತ್ತು ಜನರ ದನಿಯಲ್ಲಿ ಒದರಿದ್ದಕ್ಕೆ ಸಿಕ್ಕ ಆಹೇರು ಅದೆಂದು ಸುಮ್ಮನಿದ್ದೆ. ಆ ಇಪ್ಪತ್ತು ಜನರಲ್ಲಿ ಒಬ್ಬಳು ನೀಲವ್ವ.

ನೀಲವ್ವ ನಮ್ಮ ಓಣಿಯ ಕೊನೆಯ ಮನೆಯ ಮುದುಕಿ. ಶುಕ್ರವಾರ ಅವಳ ಮೈಮೇಲೆ ಊರ ದೇವಿ ದ್ಯಾಮವ್ವ ಬರುತ್ತಿದ್ದಳು. ಮೊದಲು ಮೂರು ಆಕಳಿಕೆ, ಆಮೇಲೆ ಮೂಗಿನಿಂದ ಒಂದು ಹೂಂಕಾರ, ಅದರ ಹಿಂದೆಯೇ ಹೊಟ್ಟೆಯ ತಳದಿಂದ ಒಂದು ಒಡಕು ದನಿ: “ಏನಲೇ ಮಗನ, ನನ್ನ ಮರತ್ಯಾ?” ಹೂಂಕಾರ ನನಗೆ ಒಂದೇ ದಿನದಲ್ಲಿ ಬಂದಿತ್ತು. ಆ ಆಕಳಿಕೆ ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಮದುವೆಯ ಚಪ್ಪರದಲ್ಲಿ ಅದನ್ನು ಮಾಡಿದಾಗ ಇಬ್ಬರು ಹೆಂಗಸರು ನಿಜವೆಂದು ತಿಳಿದು ಕೈಮುಗಿದಿದ್ದರು.

ಈಗ ಅದೇ ನೀಲವ್ವ ಕಂದೀಲು ತಂದು ನನ್ನ ಕಾಲು ನೋಡಿದಳು. ನೋಡಿ, ಸೆರಗು ಹೊದ್ದು, ಕೈಮುಗಿದಳು.

“ತಾಯಿ ಬಂದಾಳ,” ಎಂದಳು. ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದರೆ ನಮ್ಮಲ್ಲಿ ಹೇಳುವ ಮಾತು ಅದು.

ಕಾಕಾ ತಂಬಾಕು ಉಗುಳಿ ಬಂದು ಬಗ್ಗಿ ನೋಡಿದ. “ತಾಯಿ ಬಂದ್ರ ಮಾರಿ ಮ್ಯಾಲೆ, ಎದಿ ಮ್ಯಾಲೆ ಬರತಾಳಲ್ಲ ಬೇ. ಇವಂಗ ಬರೇ ಕಾಲಾಗ ಅದಾವು.”

“ಆಕಿ ಯಾವ ಬಾಗಿಲದಾಗ ಬರಬೇಕಂತ ನಿನ್ನ ಕೇಳಿ ಬರತಾಳೇನೋ ಫಕೀರಾ?” ಎಂದಳು ನೀಲವ್ವ. ಆಮೇಲೆ ನನ್ನ ಕಡೆ ತಿರುಗಿ, ಬಲು ಮೆತ್ತಗೆ, “ಯಾರನ್ನರ ಅಣಗಿಸಿದ್ಯೇನೋ ತಮ್ಮಾ?” ಎಂದು ಕೇಳಿದಳು.

ನಾನು ಪಾಯಿಜಾಮವನ್ನು ಕೆಳಗೆ ಎಳೆದುಕೊಂಡೆ. ಮದುವೆಯ ಸುದ್ದಿ ಅವಳಿಗೆ ಮುಟ್ಟಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಾಯಿ ಬಂದ ಮನೆಗೆ ಒಂಬತ್ತು ದಿನದ ಕಟ್ಟು. ಬಾಗಿಲಿಗೆ ಬೇವಿನ ಸೊಪ್ಪು. ಒಲೆಯ ಮೇಲೆ ಒಗ್ಗರಣೆ ಚಟಗುಟ್ಟುವಂತಿಲ್ಲ. ಮೊಸರನ್ನ, ಎಳನೀರು, ತಂಪು ಅಂಬಲಿ. ಸೂಜಿ, ಗುಳಿಗೆ, ಡಾಕ್ಟರ ನೆರಳು ಕೂಡ ಬೀಳಬಾರದು. ಬಿದ್ದರೆ ತಾಯಿ ಸಿಟ್ಟಾಗಿ ಒಳಗೆ ಇಳಿಯುತ್ತಾಳೆ. ಎಲ್ಲಕ್ಕಿಂತ ಮಿಗಿಲಾದದ್ದೆಂದರೆ, ಮಲಗಿದವನು ಇನ್ನು ಬಸ್ಯಾ ಅಲ್ಲ, ತಾಯಿ. ಅವನನ್ನು ಬೈಯುವಂತಿಲ್ಲ, ಎದುರಾಡುವಂತಿಲ್ಲ. ಜೀವಮಾನದಲ್ಲಿ ‘ಕತ್ತೆ’ ಎನ್ನದೆ ನನ್ನೊಡನೆ ಮಾತು ಆರಂಭಿಸದ ಕಾಕಾ ಬಾಗಿಲಲ್ಲಿ ನಿಂತು, “ನೀರು ಬೇಕೇನವಾ ತಾಯಿ?” ಎಂದು ಕೇಳಿದಾಗ ನಗು ತಡೆಯಲು ನಾನು ಕೌದಿಯನ್ನು ಕಚ್ಚಬೇಕಾಯಿತು. ಗಿರಣಿ ಮುದುಕ ಬಂದು ಕೈಮುಗಿದು ಹೋದ. ಈರ್ಯಾ ಹೊಸ್ತಿಲ ಹೊರಗೆ ನಿಂತು, “ತಾಯಿ, ನನ್ನ ಟೇಪ್‌ರೆಕಾರ್ಡರಿನ ಕ್ಯಾಸೆಟ್ ಎಲ್ಲಿಟ್ಟಿ?” ಎಂದು ಕೇಳಿ ನಮ್ಮವ್ವನ ಕೈಯಿಂದ ಬೈಸಿಕೊಂಡ.

ನಾಲ್ಕು ದಿನ ದೇವಿಯಾಗಿ ಸುಖವಾಗಿದ್ದೆ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ನೇರಳೆ ಬಣ್ಣದ ಕಲೆಗಳಾಗಿ ತೊಡೆಯವರೆಗೆ ಏರಿದವು. ನೀಲವ್ವ ಹೇಳಿದ್ದು ನಿಜವೆನ್ನಿಸಿ ಒಳಗೊಳಗೇ ದ್ಯಾಮವ್ವನಿಗೆ ತಪ್ಪುಕಾಣಿಕೆ ಮುಡಿಪಿಟ್ಟೆ.

ಐದನೇ ದಿನ ಹೊಟ್ಟೆನೋವು ಬಂತು. ತೊಯ್ದ ಧೋತರವನ್ನು ಇಬ್ಬರು ಆ ತುದಿ ಈ ತುದಿ ಹಿಡಿದು ಹಿಂಡುತ್ತಾರಲ್ಲ, ನನ್ನ ಕರುಳು ಆ ಧೋತರವಾಯಿತು. ಬಿಡುತ್ತಿತ್ತು, ಮತ್ತೆ ಹಿಂಡುತ್ತಿತ್ತು. ಕುಡಿದ ಅಂಬಲಿ ನಿಲ್ಲಲಿಲ್ಲ. ಆರನೇ ದಿನ ಹಿತ್ತಲಿಗೆ ಕಾಕಾನೇ ಎತ್ತಿಕೊಂಡು ಹೋಗಿದ್ದ. ನನ್ನಿಂದ ಹೋದದ್ದು ಎರೆಮಣ್ಣಿನ ಕೆಸರಿನ ಹಾಗೆ ಕಪ್ಪಗಿತ್ತು. ಕಾಕಾ ಅದನ್ನು ನೋಡಿದ. ನನ್ನನ್ನು ತಂದು ಮಲಗಿಸಿ ಹೊರಗೆ ಹೋದ. ಅರ್ಧ ತಾಸಿಗೆ ತಿರುಗಿ ಬಂದಾಗ ಮೈಮೇಲೆ ಅಂಗಿ ಇತ್ತು, ತಲೆಗೆ ಪಟಗ ಇತ್ತು.

“ವೈನಿ, ಟ್ರ್ಯಾಕ್ಟರ್ ಹೇಳಿ ಬಂದೀನಿ. ಕುಂದಗೋಳಕ್ಕ ಹೋಗೂಣು. ಅಲ್ಲಿ ಆಗಲಿಲ್ಲಂದ್ರ ಹುಬ್ಬಳ್ಳಿ. ಅಣ್ಣಗೂ ಹಿಂಗಽ ಕರ್ರಗ ಹೋಗಿತ್ತು. ಆವಾಗ ತಡಾ ಮಾಡಿದಿವಿ. ಈಗ ಮಾಡಾಂವ ಅಲ್ಲ ನಾ.”

ಅವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ನನ್ನನ್ನೇ ನೋಡಿದಳು.

ನನ್ನ ಕಣ್ಣಮುಂದೆ ಬಂದದ್ದು ಆ ಟ್ರಕ್ಕು. ಅದರ ಹಿಂದಿನ ಹಲಗೆ ಬಿಚ್ಚುವಾಗ ಆದ ಸಪ್ಪಳ ಕೂಡ ಕೇಳಿಸಿತು. ನಾನು ಏನು ಮಾಡಿದೆನೆಂದು ಯೋಚಿಸಿ ಮಾಡಲಿಲ್ಲ. ಮಂಗನಿಗೆ ಹೆದರಿಕೆಯಾದರೆ ಅದು ಕಲಿತ ಆಟವನ್ನೇ ಆಡುತ್ತದೆ. ಮೂರು ಸಲ ಆಕಳಿಸಿದೆ. ಮೂಗಿನಿಂದ ಹೂಂಕರಿಸಿದೆ. ಆಮೇಲೆ ಆ ಹಿಂಡುತ್ತಿದ್ದ ಹೊಟ್ಟೆಯ ತಳದಿಂದಲೇ ದನಿ ಎಬ್ಬಿಸಿದೆ:

“ಏನಲೇ ಮಗನ! ನಾ ಕುಂತ ಮೈಗೆ ಸೂಜಿ ಚುಚ್ಚಸ್ತೀಯಾ? ಒಂಬತ್ತು ದಿನದ ಒಳಗ ಈ ಹೊಸ್ತಿಲಾ ದಾಟಿಸಿದರ ದೀಪಾ ಹಚ್ಚಾಕ ಒಬ್ಬರನ್ನ ಉಳಸೂದಿಲ್ಲ!”

ಕಾಕಾನ ಪಟಗ ಕೈಗೆ ಬಂತು. ಅವನು ಅಲ್ಲೇ ನೆಲಕ್ಕೆ ಹಣೆ ಹಚ್ಚಿದ. “ತಪ್ಪಾತವಾ ತಾಯಿ, ತಪ್ಪಾತು.” ಅವ್ವ ಚೌಕಟ್ಟು ಬಿಟ್ಟು ಕದಲಲಿಲ್ಲ. ಹೊರಗೆ ಬಂದು ನಿಂತಿದ್ದ ಟ್ರ್ಯಾಕ್ಟರ್ ಒಂದು ಸಲ ಗುಡುಗಿ ತಿರುಗಿ ಹೋಯಿತು. ಕೌದಿಯ ಒಳಗೆ ನಾನು ನಕ್ಕೆ. ಅದು ನಾನು ಮಾಡಿದ ಎಲ್ಲ ದನಿಗಳಲ್ಲಿ ಅತಿ ಚೆನ್ನಾಗಿ ಬಂದದ್ದು. ನಗು ಮುಗಿಯುವ ಮೊದಲೇ ಹೊಟ್ಟೆ ಮತ್ತೆ ಹಿಂಡಿತು.

ಒಂಬತ್ತನೇ ದಿನ ಬೇವಿನ ನೀರು ಕಾಸಿ, ನನಗೆ ಮೈತೊಳೆಸಿ, ತಾಯಿಯನ್ನು ಎಡೆಯೊಂದಿಗೆ ಗುಡಿಗೆ ಕಳಿಸಿದರು. ತಾಯಿ ಹೋದಳು, ಚುಕ್ಕೆ ಹೋಗಲಿಲ್ಲ. ಬಚ್ಚಲಲ್ಲಿ ನಿಂತು ಉಚ್ಚೆ ಹೊಯ್ದೆ. ಹಾಲು ಹಾಕುವ ಮೊದಲು ಬೆಲ್ಲದ ಚಹಾ ಇರುತ್ತದಲ್ಲ, ಆ ಬಣ್ಣ. ಕಣ್ಣಿನ ರೆಪ್ಪೆ ಬಾತು ಲೋಕ ಒಂದು ಸೀಳಿನಷ್ಟೇ ಕಾಣುತ್ತಿತ್ತು. ಕಾಕಾ ಯಾರನ್ನೂ ಕೇಳಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಸ್ಟೇಶನ್ನಿಗೆ ನಡೆದ. ಅವ್ವ ಹಿಂದೆ ಚಪ್ಪಲಿಯಿಲ್ಲದೆ ಬಂದಳು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ನನ್ನನ್ನು ನೋಡಿದ್ದು ಒಬ್ಬ ಡಾಕ್ಟರಬಾಯಿ. ತೆಳ್ಳಗೆ, ಕನ್ನಡಕ, ಮಾತು ಕಡಿಮೆ. ಮೇಜಿನ ಮೇಲಿನ ನೀರಿನ ಗ್ಲಾಸು ಬರಿದು ಮಾಡಿ ಅದರ ತಳವನ್ನು ನನ್ನ ಕಾಲಿನ ಚುಕ್ಕೆಯ ಮೇಲೆ ಒತ್ತಿ ನೋಡಿದರು. ಗಾಜಿನ ಕೆಳಗೆ ಕೆಂಪು ಕೆಂಪಾಗಿಯೇ ಉಳಿಯಿತು.

“ಇದು ತಾಯಿ ಅಲ್ರಿ,” ಎಂದರು. “ಚರ್ಮದ ಕೆಳಗ ರಕ್ತ ಸೋರೇತಿ. ಎಷ್ಟು ದಿನ ಆತು?”

“ಒಂಬತ್ತು ದಿನಾರಿ,” ಎಂದಳು ಅವ್ವ.

“ಒಂಬತ್ತು ದಿನ ಏನ್ ಮಾಡಿದ್ರಿ?”

ಕಾಕಾ ನೆಲ ನೋಡಿದ. ನಾನು ಮಾಡಿನ ಫ್ಯಾನು ನೋಡಿದೆ. ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟರೆ ಮುಗಿಯುತ್ತಿತ್ತು.

“ನಾನಽ ಮನ್ಯಾಗ ಇಟಗೊಂಡೆರಿ ಬಾಯಾರ,” ಎಂದಳು ಅವ್ವ. “ಫಕೀರಪ್ಪ ಕರಕೊಂಡು ಬರತೀನಂದ. ನಾನಽ ಕಳಸಲಿಲ್ಲ.”

ಡಾಕ್ಟರಬಾಯಿ ಬೈಯಲಿಲ್ಲ. ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಐದು ವಾರ ವಾರ್ಡಿನಲ್ಲಿದ್ದೆ. ಮೊಣಕಾಲು ಇಳಿಯಿತು, ಹೊಟ್ಟೆನೋವು ನಿಂತಿತು, ಕಲೆಗಳು ಹಸಿರಾಗಿ ಹಳದಿಯಾಗಿ ಮಾಯವಾದವು. ಹೇಳಲು ನಾಚಿಕೆಯಾಗುವ ಇನ್ನೊಂದು ಜಾಗವೂ ಬಾತಿತ್ತು; ಅದನ್ನು ಡಾಕ್ಟರಬಾಯಿಗೆ ಹೇಗೆ ಹೇಳುವುದೆಂದು ಎರಡು ದಿನ ಮುಚ್ಚಿಟ್ಟೆ. ಕೊನೆಗೆ ಹೇಳಿದರೆ ಅವರು, “ಗೊತ್ತೈತಿ. ನಡಿಗಿ ನೋಡಿದೆ,” ಎಂದರು. ನನ್ನದೇ ನಡಿಗೆಯನ್ನು ನೋಡಿ ಗುರುತು ಹಿಡಿದ ಮೊದಲ ಮನುಷ್ಯರು ಅವರು.

ಅಲರ್ಜಿ ಎಂಬ ಮಾತು ಊರಿಗೆ ಮುಟ್ಟಿದ್ದೇ ತಡ, ಯಾವುದರ ಅಲರ್ಜಿ ಎಂದು ಎಲ್ಲರೂ ಡಾಕ್ಟರಾದರು. ಗಿರಣಿ ಮುದುಕ ಬದನೆಕಾಯಿ ಎಂದ. ಈರ್ಯಾ ಗುಡಗೇರಿ ಮದುವೆಯ ಬುಂದಿ ಎಂದ. ಕಾಕಾ ಇಬ್ಬರನ್ನೂ ನಂಬಿ ಹಿತ್ತಲಿನ ಬದನೆಗಿಡ ಕಿತ್ತೆಸೆದ. ಡಾಕ್ಟರಬಾಯಿಯನ್ನು ಕೇಳಿದರೆ, “ಗಂಟಲದ ಜ್ವರದ ಹಿಂದ ಬಂದಿರಬೇಕು. ಖರೇ ಕಾರಣ ನಮಗೂ ಗೊತ್ತಿಲ್ಲ,” ಎಂದರು.

ಗುಳಿಗೆ ತಿಂದು ತಿಂದು ನನ್ನ ಮುಖ ಹುಣ್ಣಿಮೆಯಾಯಿತು. ಊರಿಗೆ ಬಂದಾಗ ಜನ, “ಅಗದಿ ಗುಂಡ ಆಗ್ಯಾನ ನೋಡ್ರಿ, ದವಾಖಾನಿ ಅನ್ನ ಮೈಗೆ ಹತ್ತೇತಿ,” ಎಂದರು. ಕನ್ನಡಿಯ ಮುಂದೆ ಗೌಡರನ್ನು ಮಾಡಿ ನೋಡಿದೆ, ಆಗಲಿಲ್ಲ. ಪೋಸ್ಟ್‌ಮಾಸ್ತರರನ್ನು ಮಾಡಿದೆ, ಅದೂ ಆಗಲಿಲ್ಲ. ಗಲ್ಲ ಬಾತ ಮುಖದಲ್ಲಿ ಯಾರೂ ಬಂದು ಕೂರುತ್ತಿರಲಿಲ್ಲ. ಬಾಡಿಗೆಯವರೆಲ್ಲ ಬಿಟ್ಟುಹೋದ ಚಾಳದ ಹಾಗಿತ್ತು ನನ್ನ ಮುಖ.

ಒಂದೇ ಒಂದು ವಾಸಿಯಾಗಲಿಲ್ಲ. ಕಿಡ್ನಿ. ಅದು ನೋಯುವುದೂ ಇಲ್ಲ, ಕಾಣುವುದೂ ಇಲ್ಲ. ಅದರ ಸುದ್ದಿ ಬರುವುದು ಮೂರು ತಿಂಗಳಿಗೊಮ್ಮೆ, ಡಬ್ಬಿಯಲ್ಲಿ. ಒಂದು ಹಗಲು ಒಂದು ರಾತ್ರಿಯ ಉಚ್ಚೆಯನ್ನು ಪೂರ್ತಿ ಕೂಡಿಸಿ ಹುಬ್ಬಳ್ಳಿಗೆ ಒಯ್ಯಬೇಕು. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಕೂರುತ್ತಿದ್ದೆ. ಒಮ್ಮೆ ಎದುರಿಗೆ ಕೂತ ಸಾವಕಾರರೊಬ್ಬರು ಕೇಳಿದರು:

“ಶೇಂಗಾ ಎಣ್ಣೇನ್ರಿ?”

“ಹೌದ್ರಿ.”

“ಗಾಣದ್ದೇನು?”

“ಹೌದ್ರಿ, ಮನೀ ಗಾಣದ್ದಽ.”

“ನೊರಿ ಬಾಳ ಐತಲ್ಲ?”

“ಅದಽ ತ್ರಾಸ ನೋಡ್ರಿ,” ಎಂದೆ. ಬಾಜುವಿನಲ್ಲಿದ್ದ ಕಾಕಾ ಕಿಟಕಿಯ ಹೊರಗೆ ಮುಖ ಹಾಕಿ ಹೆಗಲು ಕುಣಿಸಿ ನಕ್ಕ. ಕುಂದಗೋಳ ದಾಟುವವರೆಗೂ ನಕ್ಕ. ಆಮೇಲೆ ಪಟಗದ ತುದಿಯಿಂದ ಕಣ್ಣೊರೆಸಿಕೊಂಡ. ಒರೆಸುವುದು ಬಹಳ ಹೊತ್ತು ನಡೆಯಿತು.

ಬೆಂಚಿನ ಮೇಲೆ ಕಾಯುವಾಗ ಒಂದು ಕಲಿತೆ. ಚೀಟಿ ಹಿಡಿದು ಹೊರಬರುವವರ ಮುಖ ನೋಡಬಾರದು, ಕಾಲು ನೋಡಬೇಕು. ಸುದ್ದಿ ಮೊದಲು ಕಾಲಿಗೆ ಇಳಿಯುತ್ತದೆ. ಎರಡನೇ ವರ್ಷದ ಕೊನೆಗೆ ಡಾಕ್ಟರಬಾಯಿಯ ಕೋಣೆಯಿಂದ ಹೊರಬಂದ ನನ್ನ ಕಾಲನ್ನು ಬೆಂಚಿನವರು ನೋಡಿದ್ದರೆ ಗೊತ್ತಾಗುತ್ತಿತ್ತು. ಕಿಡ್ನಿ ಸೋಲುತ್ತ ಹೋಗುತ್ತಿದೆ, ಬಿಗಿಹಿಡಿಯಬಹುದು, ತಿರುಗಿಸಲಾಗದು ಎಂದಿದ್ದರು. ಮುಂದೆ ರಕ್ತ ತೊಳೆಯುವ ಮಷಿನ್ ಬೇಕಾಗುತ್ತದೆ. ಅದು ದೂರದ ದೊಡ್ಡ ಊರುಗಳ ಮಾತು, ನಮ್ಮಂಥವರ ಕೈಗೆ ಎಟುಕುವುದಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿದರು.

ಆ ದಿನ ಕಾಕಾನನ್ನು ಹೊರಗೆ ಕಳಿಸಿ ಕೇಳಿದೆ. “ಬಾಯಾರ, ಆರನೇ ದಿನ ಬಂದಿದ್ದರ?”

ಅವರು ನನ್ನ ಹಳೆಯ ಚೀಟಿಗಳನ್ನು ತಿರುವಿದರು. “ಹೇಳಾಕ ಬರೂದಿಲ್ಲಪಾ. ಲಗೂ ಬಂದವರದೂ ಹೋಗಿದ್ದು ನೋಡೀನಿ. ತಡಾ ಆದವರು ಆರಾಮ ಆಗಿದ್ದೂ ನೋಡೀನಿ.”

ಗಲ್ಲಿಗೇರಿಸುವುದೂ ಇಲ್ಲ, ಬಿಡುಗಡೆಯೂ ಇಲ್ಲ. ಆ ಉತ್ತರವನ್ನು ನಾಲ್ಕು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ. ಡಬ್ಬಿಗಿಂತ ಭಾರ.

ನನಗೆ ಉಪ್ಪು ಕಟ್ಟು. ಮೊದಲ ದಿನದಿಂದಲೂ ಅವ್ವ ನನ್ನ ಸಾರು ಬೇರೆ ಕುದಿಸುತ್ತಾಳೆ. ಉಪ್ಪಿಲ್ಲದ ಪುಂಡಿಪಲ್ಯ ತಿನ್ನುವುದೆಂದರೆ ದನದ ದನಿ ಮಾಡುವುದಲ್ಲ, ದನವೇ ಆಗುವುದು. ಹಾಗೆ ಹೇಳಿ ಅವ್ವನನ್ನು ದಿನಾ ಕಾಡಿಸುತ್ತಿದ್ದೆ. ಕಳೆದ ಉಗಾದಿಯ ಮರುದಿನ ಕಾಕಾ ಹೊಲಕ್ಕೆ ಹೋಗಿದ್ದ. ಅವ್ವ ಉಣ್ಣುತ್ತಿದ್ದಳು. ಕಳ್ಳತನದಿಂದ ಒಂದು ತುತ್ತು ಉಪ್ಪಿನ ರುಚಿ ನೋಡೋಣವೆಂದು ಅವಳ ಗಂಗಾಳದಿಂದ ಬೆರಳಿನಲ್ಲಿ ಪಲ್ಯ ತೆಗೆದು ನಾಲಿಗೆಗೆ ಹಚ್ಚಿಕೊಂಡೆ.

ಸಪ್ಪಗಿತ್ತು.

“ಇದು ನಂದಲ್ಲೇನ ಬೇ? ನೀ ಯಾಕ ಉಣ್ಣಾಕತ್ತಿ?”

“ಎರಡು ಗಡಿಗಿ ಯಾಕಂತ,” ಎಂದಳು.

“ಕಾಕಾಂದ ಬ್ಯಾರೆ ಗಡಿಗಿ ಐತಲ್ಲ. ಎಂದಿನಿಂದ ಹಿಂಗ ಉಣ್ಣಾಕತ್ತಿ?”

ಅವಳು ರೊಟ್ಟಿ ಮುರಿದಳು. ಎಂದಿನಿಂದ ಎಂದು ನನಗೆ ಆಗ ಹೊಳೆಯಿತು. ಆರು ವರ್ಷ. ಯಾರೂ ಹಾಕದ ದಂಡವನ್ನು ತಾನೇ ಹಾಕಿಕೊಂಡು ತೀರಿಸುತ್ತಿದ್ದಳು. ಆವತ್ತು ನಾನು ಮನೆಯಲ್ಲೇ ಉಳಿದದ್ದು ಅವಳ ತಪ್ಪಾಗಿರಲಿಲ್ಲ. ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

“ಯವ್ವಾ, ಆವತ್ತು ಆರನೇ ದಿನ ಮಾತಾಡಿದಾಕಿ ದ್ಯಾಮವ್ವ ಅಲ್ಲ. ನಾನು. ಹೆದರಿ ನೀಲವ್ವನ ದನಿ ತಗದಿದ್ದೆ. ನಿಂದೇನೂ ತಪ್ಪಿಲ್ಲ.”

ಅಳುತ್ತಾಳೆ ಎಂದುಕೊಂಡಿದ್ದೆ. ಹೊಡೆಯಬಹುದು ಎಂದೂ ಅನ್ನಿಸಿತ್ತು. ಅವ್ವ ತುತ್ತು ನುಂಗಿ ನೀರು ಕುಡಿದಳು.

“ನನಗ ಗೊತ್ತಿತ್ತು,” ಎಂದಳು.

“ಏನು?”

“ನನ್ನ ಹೊಟ್ಟ್ಯಾಗ ಹುಟ್ಟಿದಾಂವನ ದನಿ ನನಗ ಗುರುತು ಹತ್ತೂದಿಲ್ಲೇನು? ಎರಡನೇ ಆಕಳಿಕಿಗೇ ಗೊತ್ತಾತು.”

“ಮತ್ತ ಯಾಕ ಸುಮ್ಮನಿದ್ದಿ ಬೇ? ಕಾಕಾಗ ಯಾಕ ಹೇಳಲಿಲ್ಲ?”

“ನಿಮ್ಮಪ್ಪನ್ನ ಟ್ರಕ್ಕಿನಿಂದ ಇಳಿಸಿದ್ದು ನೋಡಿದ್ನಿ. ನಿನ್ನ ಕಳಸಬ್ಯಾಡಂತ ಯಾರರ ಹೇಳಲಿ ಅಂತ ಕಾಯಾಕತ್ತಿದ್ದೆ. ನೀ ಹೇಳಿದಿ.” ಅವಳು ಗಂಗಾಳದ ಅಂಚಿನಲ್ಲಿ ಬೆರಳು ಆಡಿಸಿದಳು. “ನೀ ಹೆದರಿ ಹೇಳಿದಿ. ನಾ ಹೆದರಿ ನಂಬಿದೆ.”

ಅವ್ವ ತಲೆಯೆತ್ತಿ ನನ್ನ ಗುಂಡು ಮುಖವನ್ನು ನೋಡಿದಳು.

“ಬಸೂ. ಇನ್ನೊಮ್ಮೆ ತಗಿ ಆಕಿ ದನಿ. ನನ್ನ ಮಗ ಉಳೀತಾನಂತ ಹೇಳು.”

ಮೂರು ಸಲ ಆಕಳಿಸಿದೆ. ಮೂಗಿನಿಂದ ಹೂಂಕರಿಸಿದೆ. ಬಾಯಿ ತೆರೆದೆ. ಹೊಟ್ಟೆಯ ತಳದಿಂದ ಏನೂ ಏಳಲಿಲ್ಲ. ಅವ್ವ ಕಾದಳು, ಆ ದಿನ ಚೌಕಟ್ಟಿಗೆ ಒರಗಿ ಕಾದ ಹಾಗೆಯೇ. ಕೊನೆಗೆ ಬಂದದ್ದು ನನ್ನ ದನಿ, ಸ್ವಲ್ಪ ಕೀರಲು, ಊರಲ್ಲಿ ಯಾರೂ ಸರಿಯಾಗಿ ಕೇಳಿರದ್ದು.

“ಉಪ್ಪು ಹಾಕ್ಕೊಂಡು ಉಣ್ಣು ಬೇ.”

ಅವ್ವ ಹಾಕಿಕೊಳ್ಳಲಿಲ್ಲ. ದೇವಿಯ ದನಿಯಲ್ಲಿ ಹೇಳಿದ್ದರೆ ಹಾಕಿಕೊಳ್ಳುತ್ತಿದ್ದಳೇನೋ.